ಬೆನ್ನುಹುರಿಗೊಂದು ಸನ್ನೆಗೋಲು

ಮಾಘ ಬಹುಳ ಬಂತೆಂದರೆ ಕೊಟ್ಟೂರಿನ ಕಡೆಗೆ ಹೋಗುವ ರಸ್ತೆಗಳು ಪಾದಯಾತ್ರಿಗಳಿಂದ ತುಂಬುತ್ತವೆ. ದಾವಣಗೆರೆ ಕಡೆಯಿಂದ, ಸುತ್ತಲಿನ ಹರಪನಹಳ್ಳಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳಿಂದ ಜನ ಬರಿಗಾಲಲ್ಲಿ ಗುರು ಕೊಟ್ಟೂರೇಶ್ವರನ ತೇರಿಗೆ ಬರುತ್ತಾರೆ. ಇಲ್ಲಿ ನಡಿಗೆಯೇ ಹರಕೆ. ಆದರೆ ಅದೇ ದಾರಿಯ ಊರುಗಳಲ್ಲಿ, ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು ಈ ಮೆರವಣಿಗೆಯನ್ನು ಪ್ರತಿವರ್ಷ ನೋಡುವ ಕೆಲವರಿದ್ದಾರೆ. ಇಪ್ಪತ್ತೈದು, ಮೂವತ್ತು, ನಲವತ್ತು ವರ್ಷದವರು. ಮನೆಯವರು ಅವರ ಬಗ್ಗೆ ಹೇಳುವುದು ಒಂದೇ ಮಾತು: ‘ಹುಟ್ಟಿದಾಗಿನಿಂದ ಕೈಕಾಲು ಸ್ವಾಧೀನ ಇಲ್ಲ’.

ವೈದ್ಯರು ಇದನ್ನು ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಕನ್ನಡದಲ್ಲಿ ಮೆದುಳಿನ ಪಾರ್ಶ್ವವಾಯು ಎಂದು ಕರೆಯುವುದುಂಟು. ಗರ್ಭದಲ್ಲಿರುವಾಗ, ಹೆರಿಗೆಯ ಹೊತ್ತಿನಲ್ಲಿ ಅಥವಾ ಹುಟ್ಟಿದ ಮೊದಲ ಒಂದೆರಡು ವರ್ಷಗಳಲ್ಲಿ ಬೆಳೆಯುತ್ತಿರುವ ಮೆದುಳಿಗೆ ಆದ ಪೆಟ್ಟಿನಿಂದ ಬರುವ ಚಲನೆಯ ತೊಂದರೆ ಇದು. ಸಾವಿರ ಜನನಕ್ಕೆ ಸುಮಾರು 2ರಿಂದ 3 ಮಕ್ಕಳಲ್ಲಿ ಇದು ಕಾಣುತ್ತದೆ ಎಂಬುದು ಸಾಮಾನ್ಯ ಅಂದಾಜು. ಕೆಲವರ ಸ್ನಾಯುಗಳು ಸದಾ ಸೆಟೆದುಕೊಂಡಿರುತ್ತವೆ, ಕೆಲವರ ಕೈಕಾಲು ಇಚ್ಛೆಯಿಲ್ಲದೆ ತಿರುಚಿಕೊಳ್ಳುತ್ತವೆ, ಇನ್ನು ಕೆಲವರಿಗೆ ಸಮತೋಲನ ಸಿಗುವುದಿಲ್ಲ. ಬುದ್ಧಿ ಚುರುಕಾಗಿದ್ದೂ ಮಾತು ತೊದಲುವುದರಿಂದ ದಡ್ಡರೆನ್ನಿಸಿಕೊಂಡವರು ಇವರಲ್ಲಿ ಬಹಳ ಮಂದಿ.

ಮೆದುಳಿಗೆ ಆದ ಪೆಟ್ಟು ಮಾಯುವುದಿಲ್ಲ. ಆದ್ದರಿಂದ ದೊಡ್ಡವರಾದ ಮೇಲೆ ಮಾಡುವುದೇನೂ ಉಳಿದಿಲ್ಲ ಎಂಬ ತೀರ್ಮಾನ ಒಂದು ಶತಮಾನಕ್ಕೂ ಹೆಚ್ಚು ಕಾಲ ವೈದ್ಯಲೋಕವನ್ನು ಆಳಿತು. ಇತ್ತೀಚಿನ ವರ್ಷಗಳಲ್ಲಿ ಆ ತೀರ್ಮಾನ ಸ್ವಲ್ಪ ಸಡಿಲವಾಗಿದೆ. ಬೆನ್ನುಹುರಿಗೆ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸುತ್ತ ವ್ಯಾಯಾಮ ಮಾಡಿಸಿದರೆ ವಯಸ್ಕರ ಚಲನೆಯೂ ಸುಧಾರಿಸಬಹುದೇ ಎಂಬ ಪ್ರಶ್ನೆ ಈಗ ಪ್ರಯೋಗಶಾಲೆಗಳಲ್ಲಿ ಗಂಭೀರವಾಗಿ ಚರ್ಚೆಯಾಗುತ್ತಿದೆ. ಈ ಆಸೆ ಹೊಸದೇನಲ್ಲ. ಒಮ್ಮೆ ಚಿಗುರಿ, ಒಣಗಿ, ಮತ್ತೆ ಚಿಗುರಿದ ಇತಿಹಾಸ ಅದಕ್ಕಿದೆ. ಆ ಇತಿಹಾಸವನ್ನು ತಿಳಿದರೆ ಇಂದಿನ ಸುದ್ದಿಗೆ ಎಷ್ಟು ಬೆಲೆ ಕೊಡಬೇಕೆಂಬುದೂ ತಿಳಿಯುತ್ತದೆ.

ತಾಯಿಯ ಮೇಲಿನ ಆರೋಪ

ಈ ಸ್ಥಿತಿಯನ್ನು ಮೊದಲು ವ್ಯವಸ್ಥಿತವಾಗಿ ವಿವರಿಸಿದವರು ಲಂಡನ್ನಿನ ಮೂಳೆ ವೈದ್ಯ ವಿಲಿಯಂ ಜಾನ್ ಲಿಟಲ್. ಅವರದೇ ಒಂದು ಪಾದ ಬಾಲ್ಯದಿಂದ ಸೊಟ್ಟಗಿತ್ತು. 1836ರಲ್ಲಿ ಜರ್ಮನಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ಅವರು, ಅಂಗವಿಕಲತೆಯ ಚಿಕಿತ್ಸೆಯನ್ನೇ ಬದುಕಿನ ಕೆಲಸವಾಗಿ ಆರಿಸಿಕೊಂಡರು. 1861ರಲ್ಲಿ ಲಂಡನ್ನಿನ ಪ್ರಸೂತಿ ತಜ್ಞರ ಸಂಘದ ಮುಂದೆ ಪ್ರಬಂಧ ಓದಿ, ಕಷ್ಟದ ಹೆರಿಗೆ, ಅವಧಿಗೆ ಮೊದಲಿನ ಹೆರಿಗೆ, ಹುಟ್ಟಿದಾಗ ಉಸಿರು ಕಟ್ಟುವುದು ಇವೇ ಮಗುವಿನ ಕಾಲು ಸೆಟೆದುಕೊಳ್ಳಲು ಕಾರಣ ಎಂದರು. ಬಹುಕಾಲ ಈ ಸ್ಥಿತಿಗೆ ‘ಲಿಟಲ್ ಕಾಯಿಲೆ’ ಎಂದೇ ಹೆಸರಿತ್ತು. 1889ರಲ್ಲಿ ವಿಲಿಯಂ ಆಸ್ಲರ್ ಬರೆದ ಪುಸ್ತಕದ ಶೀರ್ಷಿಕೆಯಲ್ಲೇ ‘ಮಕ್ಕಳ’ ಎಂಬ ಪದವಿತ್ತು. ಇದು ಮಕ್ಕಳ ಕಾಯಿಲೆ ಎಂಬ ಭಾವನೆ ಅಲ್ಲಿಂದಲೂ ಗಟ್ಟಿಯಾಯಿತು.

ಮನೋವಿಶ್ಲೇಷಣೆಯಿಂದ ಜಗತ್ಪ್ರಸಿದ್ಧರಾದ ಸಿಗ್ಮಂಡ್ ಫ್ರಾಯ್ಡ್ ಅದಕ್ಕೆ ಮೊದಲು ನರರೋಗ ತಜ್ಞರಾಗಿದ್ದರು. 1897ರಲ್ಲಿ ಅವರು ಲಿಟಲ್ ಅವರ ವಾದವನ್ನು ಪ್ರಶ್ನಿಸಿದರು. ಹೆರಿಗೆ ಕಷ್ಟವಾದದ್ದೇ ಗರ್ಭದೊಳಗೆ ಮೊದಲೇ ಆಗಿದ್ದ ತೊಂದರೆಯ ಲಕ್ಷಣ ಇರಬಾರದೇಕೆ ಎಂಬುದು ಅವರ ಪ್ರಶ್ನೆ. ಅದು ಹೆಚ್ಚುಕಡಿಮೆ 90 ವರ್ಷ ಮೂಲೆಯಲ್ಲಿತ್ತು. 1986ರಲ್ಲಿ ಅಮೆರಿಕದ ಕ್ಯಾರಿನ್ ನೆಲ್ಸನ್ ಮತ್ತು ಜೊನಾಸ್ ಎಲೆನ್‌ಬರ್ಗ್ ಸಾವಿರಾರು ಜನನಗಳ ದಾಖಲೆ ಪರಿಶೀಲಿಸಿ, ಹೆರಿಗೆಯ ವೇಳೆಯ ಉಸಿರುಕಟ್ಟುವಿಕೆಯೊಂದರಿಂದಲೇ ಬಹುಪಾಲು ಪ್ರಕರಣಗಳನ್ನು ವಿವರಿಸಲಾಗದು ಎಂದು ತೋರಿಸಿದರು. ನಮ್ಮ ದೇಶದಲ್ಲಿ ಹುಟ್ಟಿದ ಕೂಡಲೇ ಅಳದಿರುವುದು, ತೀವ್ರ ಕಾಮಾಲೆ, ಸೋಂಕು ಇವುಗಳ ಪಾಲು ಇನ್ನೂ ದೊಡ್ಡದು. ಆದರೂ ‘ಗ್ರಹಣ ಹಿಡಿಯಿತು’, ‘ಬಸುರಿಯಾಗಿದ್ದಾಗ ಹೊರಗೆ ಬಂದಳು’ ಎಂದು ತಾಯಿಯನ್ನೇ ದೂರುವ ಮನೆಗಳಿಗೆ ಈ ಇತಿಹಾಸ ಹೇಳುವುದು ಒಂದೇ: ತಪ್ಪು ಆಕೆಯದಲ್ಲ.

ತಲೆಯಿಲ್ಲದ ಕೋಳಿಯ ಹೆಜ್ಜೆ

ಚಿಕಿತ್ಸೆಗೆ ವಿದ್ಯುತ್ ಬಳಸುವ ಯೋಚನೆ ಇದಕ್ಕಿಂತ ಎಷ್ಟೋ ಹಳೆಯದು. ಕ್ರಿ.ಶ. ಮೊದಲ ಶತಮಾನದಲ್ಲೇ ರೋಮ್‌ನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ತಲೆನೋವಿಗೂ ಕೀಲುನೋವಿಗೂ ವಿದ್ಯುತ್ ಹೊಮ್ಮಿಸುವ ಟಾರ್ಪಿಡೊ ಮೀನನ್ನು ಮೈಗೆ ತಾಗಿಸಲು ಸೂಚಿಸಿದ್ದ. 1791ರಲ್ಲಿ ಇಟಲಿಯ ಗ್ಯಾಲ್ವಾನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರಿದ್ದನ್ನು ಪ್ರಕಟಿಸಿದರು. 1855ರಲ್ಲಿ ಫ್ರಾನ್ಸಿನ ಡುಶೆನ್, ಒಂದೊಂದೇ ಸ್ನಾಯುವಿಗೆ ವಿದ್ಯುತ್ ಕೊಟ್ಟು ಚಿಕಿತ್ಸೆ ಮಾಡುವ ವಿಧಾನದ ಬಗ್ಗೆ ಪುಸ್ತಕವನ್ನೇ ಬರೆದರು. ಇವತ್ತು ಪಟ್ಟಣದ ಫಿಸಿಯೋಥೆರಪಿ ಕೊಠಡಿಗೆ ಹೋಗಿ ಬಂದವರು ‘ಕರೆಂಟ್ ಕೊಡಿಸಿಕೊಂಡು ಬಂದೆ’ ಎನ್ನುವುದು ಈ ಪರಂಪರೆಯ ಮುಂದುವರಿಕೆಯೇ.

ಆದರೆ ಸ್ನಾಯುವಿಗೆ ಕೊಡುವ ವಿದ್ಯುತ್ ಬೇರೆ, ಬೆನ್ನುಹುರಿಗೆ ಕೊಡುವುದು ಬೇರೆ. ಎರಡನೆಯದರ ಹಿಂದಿರುವ ತಿಳಿವಳಿಕೆ ಹಳ್ಳಿಯವರಿಗೆ ಹೊಸದಲ್ಲ. ಕೊಯ್ದ ಕೋಳಿ ತಲೆಯಿಲ್ಲದೆಯೂ ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡುವುದನ್ನು ಅವರು ನೋಡಿದ್ದಾರೆ. ತಲೆಯೇ ಇಲ್ಲದಾಗ ಹೆಜ್ಜೆ ಹಾಕಿಸಿದ್ದು ಯಾರು? 1911ರಲ್ಲಿ ಬ್ರಿಟನ್ನಿನ ಥಾಮಸ್ ಗ್ರಹಾಂ ಬ್ರೌನ್ ಇದಕ್ಕೆ ಉತ್ತರ ಕೊಟ್ಟರು. ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಮೆದುಳಿನ ಸಂಪರ್ಕ ಕಡಿದ ಮೇಲೂ ಕಾಲುಗಳಿಗೆ ಒಂದಾದ ಮೇಲೊಂದು ಹೆಜ್ಜೆ ಹಾಕಿಸುವ ಲಯವನ್ನು ಬೆನ್ನುಹುರಿಯೇ ಹುಟ್ಟಿಸಬಲ್ಲದು ಎಂದು ಅವರು ತೋರಿಸಿದರು. 1998ರಲ್ಲಿ ಮಿಲಾನ್ ಡಿಮಿಟ್ರಿಯೆವಿಚ್ ಮತ್ತು ಸಂಗಡಿಗರು ಬೆನ್ನುಹುರಿಗೆ ಪೂರ್ಣ ಪೆಟ್ಟಾಗಿದ್ದ ಮನುಷ್ಯರಲ್ಲೂ ವಿದ್ಯುತ್ ಪ್ರಚೋದನೆಯಿಂದ ಹೆಜ್ಜೆಯಂಥ ಲಯ ಮೂಡುವುದನ್ನು ಕಂಡರು.

ಅಂದರೆ ಬೆನ್ನುಹುರಿ ಬರೀ ಟೆಲಿಫೋನ್ ತಂತಿಯಲ್ಲ. ಮೇಲಿನಿಂದ ‘ನಡೆ’ ಎಂಬ ಒಂದು ಆಜ್ಞೆ ಬಂದರೆ ಯಾವ ಸ್ನಾಯು ಬಿಗಿಯಬೇಕು, ಯಾವುದು ಸಡಿಲವಾಗಬೇಕು ಎಂಬ ವಿವರವನ್ನು ಅದೇ ನೋಡಿಕೊಳ್ಳುತ್ತದೆ. ಸೆರೆಬ್ರಲ್ ಪಾಲ್ಸಿಯಲ್ಲಿ ಮೊದಲ ಪೆಟ್ಟು ಬಿದ್ದಿರುವುದು ಮೆದುಳಿಗೆ. ಮೇಲಿನ ಆಜ್ಞೆ ಅಸ್ಪಷ್ಟವಾಗಿ ಬರುವುದರಿಂದ ಕೆಳಗಿನ ವ್ಯವಸ್ಥೆಯೂ ಸರಿಯಾಗಿ ಪಳಗದೆ ಬೆಳೆದಿರುತ್ತದೆ. ಬಿಗಿಯಬೇಕಾದ ಸ್ನಾಯು, ಸಡಿಲವಾಗಬೇಕಾದ ಸ್ನಾಯು ಎರಡೂ ಒಟ್ಟಿಗೇ ಬಿಗಿಯುತ್ತವೆ. ಮೆದುಳನ್ನು ದುರಸ್ತಿ ಮಾಡಲಾಗದಿದ್ದರೂ ಬೆನ್ನುಹುರಿಯನ್ನು ಪಳಗಿಸಬಹುದೇ ಎಂಬುದು ಈಗಿನ ಪ್ರಶ್ನೆ.

ಎಪ್ಪತ್ತರ ದಶಕದ ಉತ್ಸಾಹ

1965ರಲ್ಲಿ ಮೆಲ್‌ಜ್ಯಾಕ್ ಮತ್ತು ವಾಲ್ ನೋವಿನ ಬಗ್ಗೆ ಹೊಸ ಸಿದ್ಧಾಂತ ಮಂಡಿಸಿದರು. ಅದನ್ನು ಅನುಸರಿಸಿ 1967ರಲ್ಲಿ ಅಮೆರಿಕದ ನಾರ್ಮನ್ ಶೀಲಿ, ಕ್ಯಾನ್ಸರ್ ನೋವಿನಿಂದ ಬಳಲುತ್ತಿದ್ದ ರೋಗಿಯ ಬೆನ್ನುಹುರಿಯ ಮೇಲೆ ಮೊದಲ ಬಾರಿಗೆ ಎಲೆಕ್ಟ್ರೋಡ್ ಇಟ್ಟರು. ಉದ್ದೇಶ ನೋವು ತಗ್ಗಿಸುವುದಷ್ಟೇ ಆಗಿತ್ತು. 1973ರಲ್ಲಿ ಕುಕ್ ಮತ್ತು ವೈನ್‌ಸ್ಟೈನ್ ಎಂಬ ವೈದ್ಯರು ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರರೋಗವಿದ್ದವರಲ್ಲಿ ಇದೇ ವಿಧಾನ ಬಳಸಿದಾಗ ಕೈಕಾಲಿನ ಚಲನೆಯೂ ಸುಧಾರಿಸಿತೆಂದು ವರದಿ ಮಾಡಿದರು. ಅಲ್ಲಿಂದ ಉತ್ಸಾಹ ಏರಿತು. ನ್ಯೂಯಾರ್ಕಿನಲ್ಲಿ ಇರ್ವಿಂಗ್ ಕೂಪರ್ ಸೆರೆಬ್ರಲ್ ಪಾಲ್ಸಿ ಇದ್ದವರ ಕಿರುಮೆದುಳಿನ ಮೇಲೆ ಎಲೆಕ್ಟ್ರೋಡ್ ಇಟ್ಟರೆ, ಜೋಸೆಫ್ ವಾಲ್ಟ್ಜ್ ಕುತ್ತಿಗೆಯ ಭಾಗದ ಬೆನ್ನುಹುರಿಯನ್ನು ಆರಿಸಿಕೊಂಡರು. ಹಲವರಲ್ಲಿ ಬಿಗಿತ ಇಳಿಯಿತು, ಮಾತು ತಿಳಿಯಾಯಿತು ಎಂಬ ವರದಿಗಳು ಬಂದವು.

ಭಾರತವೂ ಆಗ ಸುಮ್ಮನೆ ಕುಳಿತಿರಲಿಲ್ಲ. ಈ ಐದು ತಾಲ್ಲೂಕುಗಳ ಸೀಮೆ 1953ರವರೆಗೆ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಅದೇ ಮದ್ರಾಸಿನಲ್ಲಿ ವಿ. ಬಾಲಸುಬ್ರಮಣ್ಯಂ, ಟಿ.ಎಸ್. ಕನಕ ಮೊದಲಾದ ನರಶಸ್ತ್ರಚಿಕಿತ್ಸಕರು ಮೆದುಳಿನ ಆಳದ ನಿರ್ದಿಷ್ಟ ಬಿಂದುಗಳನ್ನು ನಿಷ್ಕ್ರಿಯಗೊಳಿಸಿ ಸೆರೆಬ್ರಲ್ ಪಾಲ್ಸಿಯ ಬಿಗಿತವನ್ನು ಇಳಿಸುವ ಶಸ್ತ್ರಚಿಕಿತ್ಸೆ ನಡೆಸಿ, 1974ರಲ್ಲಿ ಅದರ ಫಲಿತಾಂಶವನ್ನು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಕನಕ ಅವರು ಏಷ್ಯಾದ ಮೊದಲ ಮಹಿಳಾ ನರಶಸ್ತ್ರಚಿಕಿತ್ಸಕರಲ್ಲಿ ಒಬ್ಬರು.

ಉತ್ಸಾಹ ಹೆಚ್ಚು ಕಾಲ ಉಳಿಯಲಿಲ್ಲ. ಯಂತ್ರ ಚಾಲೂ ಇದೆಯೋ ಇಲ್ಲವೋ ಎಂಬುದು ರೋಗಿಗೂ ತಿಳಿಯದಂತೆ, ಅಳೆಯುವ ವೈದ್ಯರಿಗೂ ತಿಳಿಯದಂತೆ ಪರೀಕ್ಷೆ ಮಾಡಿದಾಗ ಕಥೆ ಬದಲಾಯಿತು. 1981ರಲ್ಲಿ ಕಿರುಮೆದುಳಿನ ಪ್ರಚೋದನೆಯನ್ನೂ, 1988ರಲ್ಲಿ ಕೆನಡಾದ ವೈದ್ಯರು ಕುತ್ತಿಗೆಯ ಬೆನ್ನುಹುರಿಯ ಪ್ರಚೋದನೆಯನ್ನೂ ಸೆರೆಬ್ರಲ್ ಪಾಲ್ಸಿ ಇದ್ದವರಲ್ಲಿ ಹೀಗೆ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಮನೆಯವರ ಆಸೆ, ವೈದ್ಯರ ಹುಮ್ಮಸ್ಸು, ಜೊತೆಗೆ ಸಿಕ್ಕ ಆರೈಕೆ ಇವೆಲ್ಲ ಸೇರಿ ಇಲ್ಲದ ಫಲವನ್ನೂ ಇದೆಯೆಂದು ತೋರಿಸಬಲ್ಲವು. ವಿಧಾನ ಮೂಲೆಗೆ ಸರಿಯಿತು. ಬೆನ್ನುಹುರಿಗೆ ಹೋಗುವ ಕೆಲವು ನರತಂತುಗಳನ್ನು ಆರಿಸಿ ಕತ್ತರಿಸುವ ಶಸ್ತ್ರಚಿಕಿತ್ಸೆ, ಬ್ಯಾಕ್ಲೋಫೆನ್ ಔಷಧಿಯ ಪಂಪು, ಬೊಟುಲಿನಂ ಚುಚ್ಚುಮದ್ದು ಇವು ಅದರ ಜಾಗಕ್ಕೆ ಬಂದವು. ಇವೆಲ್ಲ ಬಿಗಿತವನ್ನು ಇಳಿಸುತ್ತವೆ. ಚಲನೆಯನ್ನು ಕಲಿಸುವುದು ಮಾತ್ರ ವ್ಯಾಯಾಮವೇ.

ಮತ್ತೆ ಚಿಗುರಿದ ಆಸೆ

2011ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಸುಸಾನ್ ಹಾರ್ಕೆಮಾ ಮತ್ತು ಸಂಗಡಿಗರು, ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿದ್ದ ಯುವಕನೊಬ್ಬ ವಿದ್ಯುತ್ ಪ್ರಚೋದನೆ ಮತ್ತು ತಿಂಗಳುಗಟ್ಟಲೆ ತರಬೇತಿಯ ನಂತರ ಎದ್ದು ನಿಂತದ್ದನ್ನು ವರದಿ ಮಾಡಿದರು. ಹಳೆಯ ಪ್ರಯತ್ನಗಳಿಗೂ ಇದಕ್ಕೂ ಇದ್ದ ದೊಡ್ಡ ವ್ಯತ್ಯಾಸ ಆ ತರಬೇತಿಯೇ. ಮುಂದೆ ಚರ್ಮದ ಮೇಲೆ ಅಂಟಿಸುವ ಪಟ್ಟಿಗಳಿಂದಲೇ, ಅಂದರೆ ಶಸ್ತ್ರಚಿಕಿತ್ಸೆಯಿಲ್ಲದೆ, ಬೆನ್ನುಹುರಿಯನ್ನು ಪ್ರಚೋದಿಸುವ ವಿಧಾನ ಬೆಳೆಯಿತು. ರಷ್ಯಾದ ಯೂರಿ ಗೆರಾಸಿಮೆಂಕೊ, ಕ್ಯಾಲಿಫೋರ್ನಿಯಾದ ರೆಗ್ಗಿ ಎಡ್ಜರ್ಟನ್ ಇದರಲ್ಲಿ ಪ್ರಮುಖರು.

2017ರಲ್ಲಿ ರಷ್ಯಾದ ಸಂಶೋಧಕರು ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಈ ವಿಧಾನವನ್ನು ಪ್ರಯೋಗಿಸಿದರು. 2021ರಲ್ಲಿ ಎಡ್ಜರ್ಟನ್ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ 2 ವರ್ಷದ ಮಗುವಿನಿಂದ 50 ವರ್ಷದ ವಯಸ್ಕರವರೆಗೆ 12 ಮಂದಿ ಇದ್ದರು. ಪ್ರಚೋದನೆ ಕೊಡುತ್ತಿರುವಾಗ ಅವರಲ್ಲಿ 11 ಮಂದಿಯ ನಿಲುವು ಮತ್ತು ಹೆಜ್ಜೆ ಸುಧಾರಿಸಿತೆಂದು ವರದಿ ಹೇಳಿತು. ಬಾಲ್ಯ ದಾಟಿದ ಮೇಲೆ ಬಾಗಿಲು ಮುಚ್ಚಿತು ಎಂಬ ನಂಬಿಕೆಗೆ ಈ 50 ಎಂಬ ಸಂಖ್ಯೆ ಒಂದು ಬಿರುಕು ಮೂಡಿಸಿತು.

ಬಿರುಕು ಎಂದರೆ ಬಾಗಿಲು ತೆರೆದಂತಲ್ಲ. ಹನ್ನೆರಡು ಜನರ ಅಧ್ಯಯನ ಚಿಕ್ಕದು. ಅದು ಮುಖ್ಯವಾಗಿ ಅಳೆದದ್ದು ಪ್ರಚೋದನೆಯ ಹೊತ್ತಿನ ಬದಲಾವಣೆಯನ್ನು. ಸಾಧನವನ್ನು ರೂಪಿಸಿದವರೇ ಅಧ್ಯಯನ ನಡೆಸಿದವರಲ್ಲಿ ಇದ್ದರು. 1988ರ ಕೆನಡಾದ ಪರೀಕ್ಷೆಯಂಥ ಕಠಿಣ ಪರೀಕ್ಷೆಗಳನ್ನು ಹೊಸ ವಿಧಾನವೂ, ಅದರಲ್ಲೂ ವಯಸ್ಕರ ದೊಡ್ಡ ಗುಂಪುಗಳಲ್ಲಿ, ದಾಟಬೇಕಿದೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ ಒಂದು ಸಾಧನಕ್ಕೆ ಅನುಮತಿ ಕೊಟ್ಟಿತು. ಆದರೆ ಅದು ಕುತ್ತಿಗೆಯ ಭಾಗದ ಬೆನ್ನುಹುರಿಗೆ ಪೆಟ್ಟಾದ ವಯಸ್ಕರ ಕೈಗಳಿಗಾಗಿ, ಸೆರೆಬ್ರಲ್ ಪಾಲ್ಸಿಗಾಗಿ ಅಲ್ಲ.

ತೇರಿನ ಗಾಲಿ

ಈ ವಿದ್ಯುತ್ ಮಾಡುವುದಾದರೂ ಏನು? ಕೊಟ್ಟೂರಿನ ತೇರನ್ನು ನೋಡಿದವರಿಗೆ ಅರ್ಥವಾಗುವುದು ಸುಲಭ. ನಿಂತ ತೇರು ಮಿಣಿ ಎಳೆದ ಮಾತ್ರಕ್ಕೆ ಕದಲದಿದ್ದಾಗ ಗಾಲಿಯ ಬುಡಕ್ಕೆ ಸನ್ನೆಗೋಲು ಕೊಡುತ್ತಾರೆ. ತೇರು ಮುಂದೆ ಹೋಗುವುದು ಸನ್ನೆಯ ಬಲದಿಂದಲ್ಲ, ಎಳೆಯುವ ಜನರ ಬಲದಿಂದ. ಆದರೆ ಆ ಒಂದು ಸನ್ನೆ ಇಲ್ಲದಿದ್ದರೆ ಎಳೆತವೆಲ್ಲ ವ್ಯರ್ಥ. ಬೆನ್ನಿನ ಮೇಲೆ ಕೊಡುವ ಸಣ್ಣ ಪ್ರಮಾಣದ ವಿದ್ಯುತ್ ಕಾಲನ್ನು ಎತ್ತಿಡುವುದಿಲ್ಲ. ಸ್ಪರ್ಶ, ಭಾರ, ಕೀಲಿನ ಸ್ಥಾನ ಇವುಗಳ ಸುದ್ದಿಯನ್ನು ಬೆನ್ನುಹುರಿಗೆ ತರುವ ನರಗಳನ್ನು ಅದು ಎಬ್ಬಿಸುತ್ತದೆ. ಆಗ ಅರೆನಿದ್ದೆಯಲ್ಲಿದ್ದ ಜಾಲಗಳು ಮೆದುಳಿನಿಂದ ಬರುವ ಕ್ಷೀಣ ಆಜ್ಞೆಗೂ ಓಗೊಡುವ ಸ್ಥಿತಿಗೆ ಬರುತ್ತವೆ. ಅದೇ ಹೊತ್ತಿನಲ್ಲಿ ನಿಲ್ಲುವ, ಹೆಜ್ಜೆ ಹಾಕುವ, ಕೈಚಾಚುವ ಅಭ್ಯಾಸ ಮಾಡಿದರೆ ಆ ದಾರಿ ಸ್ವಲ್ಪಸ್ವಲ್ಪವೇ ಗಟ್ಟಿಯಾಗುತ್ತದೆ ಎಂಬುದು ಸಂಶೋಧಕರ ವಾದ. ಮಿಣಿ ಎಳೆಯುವವರೇ ಇಲ್ಲದ ಕಡೆ ಸನ್ನೆ ಕೊಟ್ಟು ಪ್ರಯೋಜನವಿಲ್ಲ.

ಸೆರೆಬ್ರಲ್ ಪಾಲ್ಸಿ ಇರುವ ಅನೇಕರಿಗೆ ಅಪಸ್ಮಾರವೂ ಇರುತ್ತದೆ. ಹತೋಟಿಗೆ ಬಾರದ ಅಪಸ್ಮಾರ ಇರುವವರನ್ನು, ಎದೆಯಲ್ಲಿ ಪೇಸ್‌ಮೇಕರ್ ಇರುವವರನ್ನು ಇಂಥ ಪ್ರಯೋಗಗಳಿಂದ ಸಾಮಾನ್ಯವಾಗಿ ಹೊರಗಿಡುತ್ತಾರೆ. ಆದ್ದರಿಂದ ಜಾಹೀರಾತು ನೋಡಿ ಯಾವುದೋ ಯಂತ್ರ ಕೊಂಡು ಮನೆಯಲ್ಲೇ ಕರೆಂಟ್ ಕೊಡುವುದು ಅಪಾಯಕರ.

ಹದಿನೆಂಟರ ನಂತರ

ವಯಸ್ಕರ ಪ್ರಶ್ನೆ ಇನ್ನೊಂದು ಕಾರಣಕ್ಕೂ ಮುಖ್ಯ. ಮೆದುಳಿನ ಪೆಟ್ಟು ಹೆಚ್ಚದಿದ್ದರೂ ದೇಹ ಹಾಗೆಯೇ ಉಳಿಯುವುದಿಲ್ಲ. ಬಾಲ್ಯದಲ್ಲಿ ಕೋಲು ಹಿಡಿದು ನಡೆಯುತ್ತಿದ್ದವರು ಮೂವತ್ತು, ನಲವತ್ತರ ಹೊತ್ತಿಗೆ ಕೀಲುನೋವು, ಆಯಾಸ, ಬೀಳುವ ಭಯದಿಂದ ನಡಿಗೆ ಬಿಡುವುದು ಅನೇಕರಲ್ಲಿ ಕಂಡುಬರುತ್ತದೆ. ಮಗುವಾಗಿದ್ದಾಗ ಸೊಂಟದ ಮೇಲೆ ಹೊತ್ತು ತಿರುಗಿದ ತಾಯಿಗೆ ಆಗ ಅರವತ್ತು ದಾಟಿರುತ್ತದೆ. ಮಳೆ ಕೈಕೊಟ್ಟ ವರ್ಷ ಮನೆಯ ದುಡಿಯುವವರು ಗುಳೆ ಹೋದರೆ ಎತ್ತಿ ಕೂರಿಸಲು ಉಳಿಯುವುದು ಅಜ್ಜಿಯೊಬ್ಬಳೇ. ಅಂಥ ಮನೆಯಲ್ಲಿ ‘ಚಲನೆ ಸುಧಾರಿಸುವುದು’ ಎಂದರೆ ಕೊಟ್ಟೂರಿಗೆ ನಡೆದು ಹೋಗುವುದೆಂದೇ ಅಲ್ಲ. ಹಾಸಿಗೆಯಲ್ಲಿ ತಾನಾಗಿ ಮಗ್ಗುಲಾಗುವುದು, ಮಂಚದಿಂದ ಕುರ್ಚಿಗೆ ಸರಿಯುವುದು, ಲೋಟ ಹಿಡಿದು ನೀರು ಕುಡಿಯುವುದು, ಬಚ್ಚಲಿಗೆ ಒಬ್ಬರ ಆಸರೆಯಲ್ಲಿ ಹೋಗಿಬರುವುದು. ಇವುಗಳಲ್ಲಿ ಒಂದು ಸಾಧ್ಯವಾದರೂ ಇಬ್ಬರ ಬದುಕು ಹಗುರವಾಗುತ್ತದೆ.

ನಮ್ಮಲ್ಲಿ ಈ ವಿಷಯದ ಸಾರ್ವಜನಿಕ ಕೆಲಸ ಶುರುವಾದದ್ದೂ ಮಕ್ಕಳಿಂದಲೇ. ಮಗಳು ಮಾಲಿನಿಗೆ ತಕ್ಕ ಶಾಲೆಯಿಲ್ಲದೆ ಮಿಥು ಅಲೂರ್ 1972ರಲ್ಲಿ ಬೊಂಬಾಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದರು. 1980ರಲ್ಲಿ ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಹುಟ್ಟಿತು. ಮಾಲಿನಿ ಮುಂದೆ ಉನ್ನತ ಶಿಕ್ಷಣ ಪಡೆದು, ಒಂದೇ ಬೆರಳಿನಿಂದ ಟೈಪ್ ಮಾಡಿ ಆತ್ಮಕಥೆ ಬರೆದರು. 1995ರ ಕಾಯ್ದೆ ಸೆರೆಬ್ರಲ್ ಪಾಲ್ಸಿಯನ್ನು ಚಲನ ವೈಕಲ್ಯದೊಳಗೆ ಸೇರಿಸಿತು. 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಇದಕ್ಕೆ ತನ್ನದೇ ಹೆಸರು ಸಿಕ್ಕಿತು.

ಕಾಯ್ದೆಗೆ ವಯಸ್ಸಿನ ಮಿತಿಯಿಲ್ಲ. ಸೇವೆಗೆ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ ಹುಟ್ಟಿನಿಂದ 18 ವರ್ಷದವರೆಗೆ ಮಾತ್ರ. ಶಾಲೆಗೆ ಬರಲಾಗದ ಮಕ್ಕಳಿಗೆ ಶಿಕ್ಷಣ ಇಲಾಖೆ ಕೊಡುವ ಗೃಹಾಧಾರಿತ ಶಿಕ್ಷಣ, ಫಿಸಿಯೋಥೆರಪಿ ಕೂಡ ಶಾಲಾ ವಯಸ್ಸಿನೊಂದಿಗೆ ಮುಗಿಯುತ್ತವೆ. ಹತ್ತೊಂಬತ್ತನೆಯ ಹುಟ್ಟುಹಬ್ಬದ ದಿನ ವೈಕಲ್ಯ ಮಾಯವಾಗುವುದಿಲ್ಲ, ಪಟ್ಟಿಯಿಂದ ಹೆಸರು ಮಾಯವಾಗುತ್ತದೆ. ಆ ಮೇಲೆ ಉಳಿಯುವುದು ಗುರುತಿನ ಚೀಟಿ, ಮಾಸಾಶನ ಮತ್ತು ಅವುಗಳ ಅರ್ಜಿ ಬರೆದುಕೊಡುವ ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರು.

ಈ ಐದು ತಾಲ್ಲೂಕುಗಳು ಆಡಳಿತದ ನಕ್ಷೆಯಲ್ಲಿ ಹಲವು ಸಲ ಜಾಗ ಬದಲಿಸಿವೆ. 1953ರಲ್ಲಿ ಮದ್ರಾಸಿನಿಂದ ಮೈಸೂರಿಗೆ ಬಂದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಐದೂ ಹೊಸಪೇಟೆಯೊಂದಿಗೆ ಸೇರಿ ವಿಜಯನಗರ ಜಿಲ್ಲೆಯಾದವು. ಆದರೆ ನರರೋಗ ತಜ್ಞರನ್ನು ಕಾಣಬೇಕಾದರೆ ಕೂಡ್ಲಿಗಿಯವರು ಬಳ್ಳಾರಿಯ ಕಡೆಗೆ, ಹರಪನಹಳ್ಳಿಯವರು ದಾವಣಗೆರೆಯ ಕಡೆಗೆ ಬಸ್ಸು ಹತ್ತುವುದು ತಪ್ಪಿಲ್ಲ. ಸ್ವಾಧೀನವಿಲ್ಲದ ದೇಹವನ್ನು ಆ ಬಸ್ಸಿನ ಎತ್ತರದ ಮೆಟ್ಟಿಲು ಹತ್ತಿಸುವುದೇ ಒಂದು ದಿನದ ಕೆಲಸ.

ಬೆನ್ನುಹುರಿಯ ಪ್ರಚೋದನೆ ನಾಳೆ ಎಲ್ಲ ಪರೀಕ್ಷೆಗಳನ್ನೂ ಗೆದ್ದು ಬಂದರೂ ಅದು ಕೆಲಸ ಮಾಡುವುದು ನಿತ್ಯ ಅಭ್ಯಾಸ ಮಾಡಿಸುವ ಕೈಗಳಿರುವ ಕಡೆ ಮಾತ್ರ. ಆ ಕೈಗಳಿಗೆ ಯಂತ್ರಕ್ಕಾಗಿ ಕಾಯುವ ಅಗತ್ಯವಿಲ್ಲ. ವಯಸ್ಕರಿಗೂ ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ, ಮನೆಗೆ ಬಂದು ವ್ಯಾಯಾಮ ಕಲಿಸುವ ಕಾರ್ಯಕರ್ತರು, ಅಳತೆಗೆ ಸರಿಯಾದ ಗಾಲಿಕುರ್ಚಿ ಇವು ಇವತ್ತೇ ಉಪಯೋಗಕ್ಕೆ ಬರುವಂಥವು. ಯಂತ್ರ ಬರುವವರೆಗೂ ದೇಹವನ್ನು ಕಲಿಯಬಲ್ಲ ಸ್ಥಿತಿಯಲ್ಲಿ ಉಳಿಸುವಂಥವೂ ಇವೇ. ಸನ್ನೆಗೋಲು ದೂರದ ಊರಿನಿಂದ ಬರಬಹುದು. ಮಿಣಿಗೆ ಕೈಹಾಕುವವರು ಮಾತ್ರ ಊರಿನವರೇ ಆಗಬೇಕು.